ಎರಡು ಎಂಜಿನ್ನಿನ ಯಾಟ್ ಜೆಟ್ಟಿಗೆ ತರುವಾಗ ಸ್ಟಿಯರಿಂಗ್ ಮುಟ್ಟಲೇಬಾರದಾ?

ಹೊಸಚುಕ್ಕಾಣಿ:

ಎಲ್ಲರಿಗೂ ನಮಸ್ಕಾರ. ಒಂದೇ ಎಂಜಿನ್ನಿನ ಸಣ್ಣ ಬೋಟ್ ಓಡಿಸಿ ಅಭ್ಯಾಸ ಇತ್ತು. ಈಗ 45 ಅಡಿಯ ಮೋಟಾರ್ ಯಾಟ್ ಕಲಿಯೋಕೆ ಶುರು ಮಾಡಿದ್ದೀನಿ. ಎರಡು ಡೀಸೆಲ್ ಎಂಜಿನ್, ಎರಡು ಶಾಫ್ಟ್ (ಪ್ರೊಪೆಲ್ಲರ್ ತಿರುಗಿಸೋ ದಂಡ), ಮೇಲೆ ಫ್ಲೈಬ್ರಿಜ್ (ಮೇಲಿನಿಂದ ಓಡಿಸೋ ಜಾಗ), ತೂಕ ಹದಿನೈದು ಟನ್ನಿಗಿಂತ ಹೆಚ್ಚು. ಬಯಲು ನೀರಲ್ಲಿ ಓಡಿಸೋದು ಕಷ್ಟ ಅನ್ನಿಸಲಿಲ್ಲ. ಮರೀನಾ (ಯಾಟುಗಳನ್ನ ಕಟ್ಟೋ ಬಂದರು) ಒಳಗೆ ಬಂದ ಕೂಡಲೇ ಕೈಕಾಲು ಆಡಲ್ಲ.

ಕಲಿಸ್ತಿರೋರು ಮೊದಲ ಪಾಠದಲ್ಲೇ ಹೇಳಿದ್ದು ಇಷ್ಟು: ಚುಕ್ಕಾಣಿ (ಹಿಂಬದಿಯ ನೀರೊಳಗಿನ ಹಲಗೆ) ನೇರ ಮಾಡಿ, ಸ್ಟಿಯರಿಂಗಿನಿಂದ ಕೈ ತೆಗೀರಿ, ಥ್ರಾಟಲ್ (ಎಕ್ಸಲರೇಟರ್) ಮರೆತುಬಿಡಿ, ಎರಡು ಗೇರ್ ಲಿವರ್ ಸಾಕು. ಅವರು ಮಾಡಿ ತೋರಿಸಿದಾಗ ಬೋಟ್ ನಿಂತಲ್ಲೇ ಒಂದು ಸುತ್ತು ಹೊಡೀತು. ನಾನು ಲಿವರ್ ಹಿಡಿದರೆ ಸುತ್ತೋದರ ಜೊತೆಗೆ ಮುಂದಕ್ಕೂ ಜಾರುತ್ತೆ. ಸ್ವಲ್ಪ ಗಾಳಿ ಬಂದರೆ ಮೂತಿ ಎತ್ತಲೋ ಹೋಗುತ್ತೆ, ಹಿಂಬದಿ ಮಾತ್ರ ಇದ್ದಲ್ಲೇ ಇರುತ್ತೆ.

ಇಷ್ಟು ದೊಡ್ಡ ಸ್ಟಿಯರಿಂಗ್ ಇಟ್ಟು ಅದನ್ನ ಮುಟ್ಟಬೇಡಿ ಅಂದರೆ ಹೇಗೆ? ಇದು ಹೊಸಬರಿಗೆ ಹೇಳೋ ಮಾತಾ, ಅಥವಾ ಅನುಭವ ಇರೋರೂ ಹೀಗೇ ಮಾಡ್ತೀರಾ?

ಎಂಜಿನ್‌ರೂಮ್:

ಚುಕ್ಕಾಣಿಗೆ ತನ್ನದೇ ಆದ ಬಲ ಇಲ್ಲ. ಮೇಲೆ ನೀರು ಹರಿದರೆ ಮಾತ್ರ ಅದು ಬೋಟನ್ನ ತಿರುಗಿಸುತ್ತೆ. ನಿಮ್ಮ ಬೋಟ್ ಇಪ್ಪತ್ತು ನಾಟ್ (ಬೋಟಿನ ವೇಗದ ಅಳತೆ) ದಾಟಿ, ನೀರಿನ ಮೇಲೆ ಎದ್ದು ಓಡೋ ಜಾತಿ. ಆ ವೇಗಕ್ಕೆ ಪುಟ್ಟ ಚುಕ್ಕಾಣಿ ಧಾರಾಳ ಸಾಕು, ದೊಡ್ಡದು ಹಾಕಿದರೆ ನೀರಿನ ತಡೆ ಹೆಚ್ಚುತ್ತೆ ಅಷ್ಟೆ. ಅದೇ ಚುಕ್ಕಾಣಿ 2 ನಾಟಿನಲ್ಲಿ ಇದ್ದೂ ಇಲ್ಲದ ಹಾಗೆ. ಮುಂದಿನ ಗೇರಿನಲ್ಲಿ ಪ್ರೊಪೆಲ್ಲರ್ ತಳ್ಳೋ ನೀರು ನೇರ ಅದರ ಮೇಲೆ ಬೀಳೋದರಿಂದ ಒಂಚೂರು ಕೆಲಸ ಆಗುತ್ತೆ. ರಿವರ್ಸಿನಲ್ಲಿ ನೀರು ಮೂತಿಯ ಕಡೆ ಹೋಗುತ್ತೆ, ಚುಕ್ಕಾಣಿಗೆ ಏನೂ ಸಿಗಲ್ಲ.

ಎಂಜಿನ್ನುಗಳ ಲೆಕ್ಕ ಬೇರೆ. ಎರಡು ಶಾಫ್ಟಿನ ನಡುವೆ ಅಂತರ ಇದೆ. ಬಲದ್ದು ಮುಂದಕ್ಕೆ ತಳ್ಳಿ, ಎಡದ್ದು ಹಿಂದಕ್ಕೆ ಎಳೆದರೆ ಬೋಟ್ ಎಡಕ್ಕೆ ಸುತ್ತುತ್ತೆ. ಇದಕ್ಕೆ ಇನ್ನೊಂದು ಸಹಾಯ ಸೇರುತ್ತೆ. ತಿರುಗೋ ಪ್ರೊಪೆಲ್ಲರ್ ಬೋಟನ್ನ ಮುಂದೆ ಹಿಂದೆ ತಳ್ಳೋದಲ್ಲದೆ ಹಿಂಬದಿಯನ್ನ ಒಂದು ಪಕ್ಕಕ್ಕೂ ಸ್ವಲ್ಪ ನೂಕುತ್ತೆ. ಒಂದೇ ಎಂಜಿನ್ನಿನ ಬೋಟಿನಲ್ಲಿ ರಿವರ್ಸ್ ಹಾಕಿದಾಗ ಹಿಂಬದಿ ಒಂದು ಕಡೆಗೇ ಎಳೆಯೋದು ನಿಮಗೆ ಗೊತ್ತಿರುತ್ತೆ, ಅದೇ ಇದು. ಎರಡು ಶಾಫ್ಟಿನ ಬೋಟುಗಳಲ್ಲಿ ಸಾಮಾನ್ಯವಾಗಿ ಎರಡು ಪ್ರೊಪೆಲ್ಲರ್ ವಿರುದ್ಧ ದಿಕ್ಕಿಗೆ ತಿರುಗ್ತವೆ. ಹಿಂದೆ ನಿಂತು ನೋಡಿದರೆ ಮುಂದಿನ ಗೇರಲ್ಲಿ ಬಲದ್ದು ಗಡಿಯಾರದ ದಿಕ್ಕಿಗೆ, ಎಡದ್ದು ಅದರ ಉಲ್ಟಾ. ಎರಡೂ ಒಂದೇ ಗೇರಲ್ಲಿದ್ದರೆ ಪಕ್ಕದ ನೂಕು ಒಂದಕ್ಕೊಂದು ವಜಾ. ಒಂದು ಮುಂದೆ ಒಂದು ಹಿಂದೆ ಹಾಕಿದರೆ ಎರಡರ ನೂಕೂ ಒಂದೇ ಕಡೆ ಸೇರಿ ಸುತ್ತೋದಕ್ಕೆ ಬಲ ಕೊಡುತ್ತೆ.

ಮುಂದಕ್ಕೆ ಜಾರೋದಕ್ಕೆ ಕಾರಣ ಪ್ರೊಪೆಲ್ಲರಿನ ಎಲೆಗಳ ಆಕಾರ. ಅವನ್ನ ಮುಂದಕ್ಕೆ ತಳ್ಳೋದಕ್ಕಂತ ಮಾಡಿರ್ತಾರೆ. ಅದೇ ಆರ್‌ಪಿಎಮ್ಮಿನಲ್ಲಿ ರಿವರ್ಸ್ ಬಲ ಕಡಿಮೆ, ಹಾಗಾಗಿ ಸುತ್ತುವಾಗ ಮುಂದಿನದ್ದು ಗೆಲ್ಲುತ್ತೆ. ಮುಂದಿನ ಗೇರನ್ನ ಆಗಾಗ ನ್ಯೂಟ್ರಲಿಗೆ ತನ್ನಿ, ರಿವರ್ಸನ್ನ ಹಾಗೇ ಬಿಡಿ. ಜಾರೋದು ನಿಲ್ಲುತ್ತೆ.

ಕಡಲಕಾಗಿ:

ನೋಡ್ರಿ, ಎರಡೆತ್ತಿನ ಗಾಡಿ ಹೊಡದವರಿಗೆ ಇದನ್ನ ಬಿಡಿಸಿ ಹೇಳೂದ ಬ್ಯಾಡ. ಎಡಕ್ಕ ಹೊಳ್ಳಬೇಕಂದ್ರ ಎಡಗಡೆ ಎತ್ತು ತಡೀತಾರ, ಬಲಗಡೆ ಎತ್ತು ಮುಂದ ಬಿಡ್ತಾರ. ಗಾಡಿಗೆ ಸ್ಟಿಯರಿಂಗ ಎಲ್ಲೈತಿ?

ನಿಧಾನವೇಪ್ರಧಾನ:

ಕಾಗಿ ಸಾಹೇಬ್ರು ಒಂದೇ ಸಾಲಲ್ಲಿ ಮುಗಿಸಿದ್ರು 😄

ಹೊಸಚುಕ್ಕಾಣಿ ಅವರೇ, ಕಲಿಸುವವರು ಥ್ರಾಟಲ್ ಬೇಡ ಎಂದದ್ದನ್ನು ಸ್ಟಿಯರಿಂಗ್ ಮಾತಿಗಿಂತ ಗಟ್ಟಿಯಾಗಿ ಹಿಡಿದುಕೊಳ್ಳಿ. ದೊಡ್ಡ ಡೀಸೆಲ್ ಎಂಜಿನ್ ಐಡಲ್‌ನಲ್ಲಿ ಗೇರ್ ಹಾಕಿದರೇ ಸಾಕು, ಎರಡೂ ಸೇರಿದರೆ ಅನೇಕ ಬೋಟುಗಳು ಮರೀನಾದ ಒಳಗೆ ಇರಬೇಕಾದ ವೇಗವನ್ನು ಮೀರುತ್ತವೆ. ಹಾಗಾಗಿ ಒಳಗೆ ಬಂದ ಮೇಲೆ ಒಂದು ಎಂಜಿನ್ ಮಾತ್ರ ಗೇರಿನಲ್ಲಿ, ಇನ್ನೊಂದು ನ್ಯೂಟ್ರಲ್. ಸ್ವಲ್ಪ ಹೊತ್ತಿನ ನಂತರ ಅದಲು ಬದಲು. ಈ ಹಂತದಲ್ಲಿ ದಿಕ್ಕನ್ನು ನೇರವಾಗಿಡಲು ನಾನು ಸ್ಟಿಯರಿಂಗ್ ಬಳಸುತ್ತೇನೆ. ನಮ್ಮ ಬೋಟ್ ಕಟ್ಟುವ ಸಾಲು ಹತ್ತಿರ ಬಂದಾಗ ಅದನ್ನು ನೇರ ಮಾಡಿ ಬಿಡುತ್ತೇನೆ.

ನಂತರದ ಕೆಲಸವೆಲ್ಲ ಗೇರಿನ ಚಿಟಿಕೆಗಳಲ್ಲಿ. ಲಿವರನ್ನು ಗೇರಿಗೆ ಹಾಕಿ, ಒಂದೆರಡು ಸೆಕೆಂಡ್ ಬಿಟ್ಟು, ನ್ಯೂಟ್ರಲಿಗೆ ತನ್ನಿ. ಈಗ ಕಾಯಿರಿ. ಹೊಸಬರು ತಪ್ಪದೇ ಎಡವುವುದು ಈ ಕಾಯುವಲ್ಲಿ. ಹದಿನೈದು ಟನ್ನಿನ ವಸ್ತುವಿಗೆ ಹೇಳಿದ್ದು ಕೇಳಿಸಲು ಸಮಯ ಬೇಕು. ಏನೂ ಆಗಲಿಲ್ಲವೆಂದು ಇನ್ನೊಂದು ಚಿಟಿಕೆ ಕೊಟ್ಟಿರುತ್ತಾರೆ, ಅಷ್ಟರಲ್ಲಿ ಮೊದಲನೆಯದು ಕೆಲಸ ಶುರು ಮಾಡಿರುತ್ತದೆ. ಎರಡೂ ಸೇರಿ ಬೋಟ್ ಅತಿಯಾಗಿ ತಿರುಗುತ್ತದೆ. ಅದನ್ನು ಸರಿಪಡಿಸಲು ಉಲ್ಟಾ ಎರಡು ಚಿಟಿಕೆ. ಹೊರಗೆ ನಿಂತು ನೋಡುವವರಿಗೆ ಬೋಟ್ ಹಾವಿನಂತೆ ಹರಿದಾಡುವುದು ಕಾಣುತ್ತದೆ.

ವೇಗದ ಬಗ್ಗೆ ಒಂದು ಲೆಕ್ಕ ತಲೆಯಲ್ಲಿರಲಿ. ಡಿಕ್ಕಿಯ ಶಕ್ತಿ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. 1 ನಾಟ್ ಎಂದರೆ ಗಂಟೆಗೆ 1.852 ಕಿಲೋಮೀಟರ್, ನಡಿಗೆಗಿಂತ ಎಷ್ಟೋ ನಿಧಾನ. ಅದು 2 ಆದರೂ ನೋಡುವವರಿಗೆ ನಿಧಾನವೇ, ಆದರೆ ಫೆಂಡರಿನ (ಬೋಟಿನ ಬದಿಗೆ ತೂಗುಹಾಕುವ ಮೆತ್ತೆ) ಮೇಲೆ ಬೀಳುವ ಪೆಟ್ಟು ನಾಲ್ಕು ಪಟ್ಟು.

ಎಂಜಿನ್‌ರೂಮ್:

ಇದಕ್ಕೆ ಒಂದು ಮಾತು ಸೇರಿಸ್ತೀನಿ. ಮುಂದಿನಿಂದ ರಿವರ್ಸಿಗೆ ಹೋಗುವಾಗ ನ್ಯೂಟ್ರಲಲ್ಲಿ ಒಂದೆರಡು ಸೆಕೆಂಡ್ ನಿಲ್ಲಿಸಿ. ಕಟಕ್ ಅಂತ ಎಳೆದರೆ ಗೇರ್‌ಬಾಕ್ಸಿನ ಕ್ಲಚ್ ಫಲಕಗಳು ಸವೆಯುತ್ತವೆ, ಕೆಲವೊಮ್ಮೆ ಎಂಜಿನ್ನೇ ಆಫ್ ಆಗುತ್ತೆ. ಜೆಟ್ಟಿ ಮುಂದೆ ಎಂಜಿನ್ ಆಫ್ ಆಗೋದು ಯಾರಿಗೂ ಬೇಡ.

ಮರೀನಾ ಬಾಯಿಗೆ ಬರೋ ಮೊದಲೇ, ಜಾಗ ಇರೋ ಕಡೆ, ಎರಡೂ ಎಂಜಿನ್ನಿನ ರಿವರ್ಸ್ ಒಮ್ಮೆ ಹಾಕಿ ನೋಡಿ. ಹಿಂದೆ ನೀರು ಕಲಕಬೇಕು, ಬೋಟ್ ನಿಧಾನ ಆಗಬೇಕು. ರಿವರ್ಸ್ ಕೈಕೊಟ್ಟಿದೆ ಅಂತ ಗೊತ್ತಾಗೋದಕ್ಕೆ ಅದಕ್ಕಿಂತ ಒಳ್ಳೆ ಜಾಗ ಇಲ್ಲ. ಫ್ಲೈಬ್ರಿಜ್ಜಲ್ಲೂ ಕೆಳಗೂ ಕಂಟ್ರೋಲ್ ಇರೋ ಬೋಟಾದರೆ, ನೀವು ನಿಂತಿರೋ ಕಡೆಗೇ ಕಂಟ್ರೋಲ್ ಬಂದಿದೆಯಾ ಅಂತ ಲೈಟ್ ನೋಡಿ. ಎಲೆಕ್ಟ್ರಾನಿಕ್ ಲಿವರ್‌ಗಳಲ್ಲಿ ಸ್ಟೇಷನ್ ಬಟನ್ ಒತ್ತದಿದ್ದರೆ ಎಷ್ಟು ಆಡಿಸಿದರೂ ಏನೂ ಆಗಲ್ಲ.

ತೇಲುಮನೆ:

ನನ್ನದು ಬೇರೆ ಅಭಿಪ್ರಾಯ. "ಸ್ಟಿಯರಿಂಗ್ ಮುಟ್ಟಬೇಡಿ" ಅನ್ನೋದನ್ನ ವೇದವಾಕ್ಯ ಮಾಡ್ಕೋಬೇಡಿ. ನಾನು ಓಡಿಸೋದು 8 ನಾಟಿನ ಟ್ರಾಲರ್ ಮಾದರಿ. ಎರಡು ಎಂಜಿನ್, ಎರಡು ದೊಡ್ಡ ಚುಕ್ಕಾಣಿ. ಇದರಲ್ಲಿ ಚುಕ್ಕಾಣಿ ಪೂರ್ತಿ ತಿರುಗಿಸಿ ಒಂದು ಎಂಜಿನ್ನಿಗೆ ಮುಂದಿನ ಚಿಟಿಕೆ ಕೊಟ್ಟರೆ ಹಿಂಬದಿ ಪಕ್ಕಕ್ಕೆ ಒದ್ದ ಹಾಗೆ ಹೋಗುತ್ತೆ. ಗೇರ್ ಒಂದರಲ್ಲೇ ಸುತ್ತೋದಕ್ಕಿಂತ ಬೇಗ.

ಸರಿಯಾಗಿ ಹೊಂದಿಸಿದರೆ ಇಡೀ ಬೋಟನ್ನ ಅಡ್ಡಡ್ಡ ಸರಿಸಬಹುದು. ಎಡಕ್ಕೆ ಸರೀಬೇಕು ಅಂದರೆ ಬಲ ಎಂಜಿನ್ ಮುಂದೆ, ಎಡ ಎಂಜಿನ್ ಹಿಂದೆ, ಸ್ಟಿಯರಿಂಗ್ ಪೂರ್ತಿ ಬಲಕ್ಕೆ. ಎಂಜಿನ್ನುಗಳು ಮೂತಿಯನ್ನ ಎಡಕ್ಕೆ ಸುತ್ತಿಸೋಕೆ ನೋಡ್ತವೆ, ಬಲ ಚುಕ್ಕಾಣಿಗೆ ಬಡಿಯೋ ನೀರು ಹಿಂಬದಿಯನ್ನ ಎಡಕ್ಕೆ ತಳ್ಳುತ್ತೆ. ಮೂತಿ, ಹಿಂಬದಿ ಎರಡೂ ಎಡಕ್ಕೇ ಹೋದ ಮೇಲೆ ಬೋಟ್ ಎಡಕ್ಕೆ ಹೋಗಲೇಬೇಕಲ್ಲ.

ಎಂಜಿನ್‌ರೂಮ್:

ನಿಮ್ಮ ಬೋಟಲ್ಲಿ ಆಗುತ್ತೆ ಅನ್ನೋದನ್ನ ಒಪ್ತೀನಿ. ಅವರ ಬೋಟಲ್ಲಿ? ಚುಕ್ಕಾಣಿ ಪುಟ್ಟದು, ಮೇಲಾಗಿ ಪ್ರೊಪೆಲ್ಲರಿನ ಪಕ್ಕದ ನೂಕು ಹಿಂಬದಿಯನ್ನ ಬಲಕ್ಕೆ ಎಳೀತಾ ಇರುತ್ತೆ. ಎರಡೂ ಹೊಡೆದಾಡಿ ಬೋಟ್ ಅಲ್ಲಾಡದೆ ನಿಂತಿರುತ್ತೆ, ಅಥವಾ ಸುಮ್ಮನೆ ಸುತ್ತುತ್ತೆ. ಹೊಸಬರು ಇದನ್ನ ಓದಿ, ಎರಡು ಬೋಟಿನ ಮಧ್ಯೆ ಮೊದಲ ಸಲ ಪ್ರಯತ್ನ ಮಾಡಿದರೆ ಏನು ಗತಿ?

ತೇಲುಮನೆ:

ಎರಡು ಬೋಟಿನ ಮಧ್ಯೆ ಮೊದಲ ಸಲ ಏನನ್ನೂ ಪ್ರಯತ್ನ ಮಾಡಬಾರದು ಸರ್, ಅದು ಬೇರೆ ಮಾತು. ನಾನು ಹೇಳ್ತಿರೋದು, ಚುಕ್ಕಾಣಿ ಎಷ್ಟು ಕೆಲಸ ಮಾಡುತ್ತೆ ಅನ್ನೋದನ್ನ ಆಯಾ ಬೋಟಿನಲ್ಲೇ ಪರೀಕ್ಷಿಸಿ ತಿಳ್ಕೋಬೇಕು. ಬಯಲಲ್ಲಿ ಒಂದು ತೇಲುಬುರುಡೆ ಪಕ್ಕ ನಿಲ್ಲಿಸಿ, ಗೇರ್ ಮಾತ್ರ ಹಾಕಿ ಒಂದು ಸುತ್ತು, ಚುಕ್ಕಾಣಿ ಸೇರಿಸಿ ಒಂದು ಸುತ್ತು. ಗಡಿಯಾರ ಹಿಡಿದು ನೋಡಿದರೆ ವಾದವೇ ಬೇಕಾಗಲ್ಲ.

ನಿಧಾನವೇಪ್ರಧಾನ:

ಇಬ್ಬರೂ ಹೇಳುತ್ತಿರುವುದು ಸರಿಯೇ. ಕಲಿಯುವವರಿಗೆ ಸ್ಟಿಯರಿಂಗ್ ಬೇಡ ಎನ್ನುವುದಕ್ಕೆ ಇನ್ನೊಂದು ಕಾರಣವಿದೆ. ಗಾಬರಿಯಲ್ಲಿ ಯಾರಾದರೂ ಚಕ್ರ ತಿರುಗಿಸಿ ಹಾಗೇ ಬಿಟ್ಟರೆ, ಮುಂದಿನ ಪ್ರತಿ ಗೇರ್ ಚಿಟಿಕೆಗೂ ಬೋಟ್ ಬೇರೆ ರೀತಿ ವರ್ತಿಸುತ್ತದೆ. ಯಾಕೆ ಎಂದು ತಿಳಿಯುವುದೇ ಇಲ್ಲ. ನೇರವಾಗಿ ಇಟ್ಟುಬಿಟ್ಟರೆ ತಲೆಯಲ್ಲಿ ಲೆಕ್ಕ ಇಡಬೇಕಾದ ಸಂಗತಿ ಒಂದು ಕಡಿಮೆ. ಚುಕ್ಕಾಣಿ ಎತ್ತ ಇದೆ ಎಂದು ತೋರಿಸುವ ಸಣ್ಣ ಮುಳ್ಳು ಡ್ಯಾಶ್‌ಬೋರ್ಡಿನಲ್ಲಿ ಇರುತ್ತದೆ, ಒಳಗೆ ಬರುವಾಗ ಒಮ್ಮೆ ಅದನ್ನು ನೋಡಿ.

ಗಾಳಿಮಾತು:

ಗೇರು, ಚುಕ್ಕಾಣಿ ಅಂತ ಇಷ್ಟು ಚರ್ಚೆ, ಗಾಳಿಯ ಹೆಸರು ಯಾರೂ ಎತ್ತಲಿಲ್ಲ! ಮೂತಿ ಎತ್ತಲೋ ಹೋಗುತ್ತೆ ಅಂತ ಹೊಸಚುಕ್ಕಾಣಿ ಕೇಳಿದ್ದು ಅದನ್ನೇ.

ಮೋಟಾರ್ ಯಾಟಿನ ಮೂತಿ ನೀರಿನಿಂದ ಎತ್ತರ, ನೀರೊಳಗೆ ಅದಕ್ಕೆ ಹಿಡಿತ ಕಡಿಮೆ. ಹಿಂಬದಿಯಲ್ಲಿ ಎಂಜಿನ್ನಿನ ತೂಕ, ಶಾಫ್ಟು, ಪ್ರೊಪೆಲ್ಲರು, ಚುಕ್ಕಾಣಿ ಎಲ್ಲ ನೀರನ್ನ ಹಿಡ್ಕೊಂಡಿರ್ತವೆ. ಗಾಳಿ ಬಂದರೆ ಮೊದಲು ಓಡೋದು ಮೂತಿ. ಅದಕ್ಕೇ ಎಂಜಿನ್ ನ್ಯೂಟ್ರಲಲ್ಲಿ ಬಿಟ್ಟರೆ ಇಂಥ ಬೋಟು ನಿಧಾನಕ್ಕೆ ಗಾಳಿಗೆ ಅಡ್ಡ ತಿರುಗುತ್ತೆ, ಆಮೇಲೆ ಬೆನ್ನು ಕೊಡೋಕೆ ನೋಡುತ್ತೆ.

ಇದನ್ನ ನಮ್ಮ ಉಪಯೋಗಕ್ಕೆ ತಿರುಗಿಸ್ಕೋಬಹುದು. ಯಾರೋ ಹೊರಗೆ ಬರ್ತಿದ್ದಾರೆ, ನೀವು ಕಾಯಬೇಕು ಅಂತಿಟ್ಕೊಳ್ಳಿ. ಮೂತಿಯನ್ನ ಗಾಳಿಗೆ ಹಿಡಿದು ನಿಂತರೆ ಪ್ರತಿ ಕ್ಷಣ ಒದ್ದಾಟ. ಹಿಂಬದಿಯನ್ನ ಗಾಳಿ ಕಡೆ ತಿರುಗಿಸಿ, ಆಗೊಂದು ಈಗೊಂದು ರಿವರ್ಸ್ ಚಿಟಿಕೆ ಕೊಡ್ತಾ ಇದ್ದರೆ ಬೋಟ್ ತಾನಾಗೇ ನೇರ ನಿಲ್ಲುತ್ತೆ. ಹಿಂದೆ ಹೋಗುವಾಗ ಬೋಟು ಸುತ್ತೋ ಬಿಂದು ಹಿಂಬದಿಯ ಹತ್ತಿರ ಬರುತ್ತೆ, ಮೂತಿ ಗಾಳಿಪಟದ ಬಾಲಂಗೋಚಿ ಥರ ಹಿಂದೆ ಬರುತ್ತೆ ಅಷ್ಟೆ. ಮುಂದೆ ಹೋಗುವಾಗ ಅದೇ ಬಿಂದು ಮೂತಿಯಿಂದ ಸುಮಾರು ಮೂರನೇ ಒಂದು ಭಾಗಕ್ಕೆ ಹೋಗುತ್ತೆ. ಆಗ ತಿರುಗಿಸಿದರೆ ಹಿಂಬದಿ ಅಗಲವಾಗಿ ಬೀಸುತ್ತೆ. ಪಕ್ಕದ ಬೋಟಿಗೆ ತಾಗೋದು ಬಹುತೇಕ ಹೀಗೇ, ಎಲ್ಲರ ಕಣ್ಣೂ ಮೂತಿ ಮೇಲಿರುತ್ತಲ್ಲ.

ಗಾಳಿಯ ಒತ್ತಡವೂ ವೇಗದ ವರ್ಗಕ್ಕೆ ತಕ್ಕ ಹಾಗೇ ಹೆಚ್ಚುತ್ತೆ. 10 ನಾಟ್ ಇದ್ದದ್ದು 15 ಆದರೆ ತಳ್ಳೋ ಬಲ ಎರಡು ಪಟ್ಟಿಗಿಂತ ಜಾಸ್ತಿ, 20 ಆದರೆ ನಾಲ್ಕು ಪಟ್ಟು. ನಿನ್ನೆ ಆಗಿದ್ದು ಇವತ್ತು ಆಗ್ತಿಲ್ಲ ಅಂದರೆ ನಿಮ್ಮ ಕೈಯ ತಪ್ಪೇ ಆಗಿರಬೇಕಿಲ್ಲ. ಇನ್ನು ನೀರಿನ ಸೆಳೆತ. ನೀರು ಗಾಳಿಗಿಂತ 800 ಪಟ್ಟು ಸಾಂದ್ರ. ನೀರು ಅರ್ಧ ನಾಟ್ ಹರೀತಿದ್ದರೂ ಲೆಕ್ಕಕ್ಕೆ ತಗೋಬೇಕು. ಕಂಬಗಳ ಸುತ್ತ, ತೇಲುಬುರುಡೆಗಳ ಪಕ್ಕ ನೀರು ಎತ್ತ ಎಳೀತಿದೆ ಅಂತ ನೋಡಿದರೆ ಗೊತ್ತಾಗುತ್ತೆ. ಆಯ್ಕೆ ಇದ್ದರೆ ಸೆಳೆತಕ್ಕೆ ಎದುರಾಗಿಯೇ ಜೆಟ್ಟಿಗೆ ಬನ್ನಿ. ನೀರಿನ ಲೆಕ್ಕದಲ್ಲಿ ಬೋಟ್ ಚಲಿಸ್ತಾ ಇರುತ್ತೆ, ಚುಕ್ಕಾಣಿಗೆ ಹಿಡಿತ ಸಿಗುತ್ತೆ, ಜೆಟ್ಟಿಯ ಲೆಕ್ಕದಲ್ಲಿ ನಿಂತೇ ಇರ್ತೀರಿ.

ಹೊಸಚುಕ್ಕಾಣಿ:

ಎಲ್ಲರಿಗೂ ಧನ್ಯವಾದ. ಹಿಂಬದಿಯನ್ನ ಗಾಳಿಗೆ ಕೊಟ್ಟು ನಿಲ್ಲೋದು ನನಗೆ ಹೊಳೆದೇ ಇರಲಿಲ್ಲ.

ಈಗ ನಿರ್ದಿಷ್ಟ ಪ್ರಶ್ನೆ. ನಮ್ಮ ಜಾಗ ಉದ್ದ ಜೆಟ್ಟಿಯ ಪಕ್ಕ, ಬೋಟಿನ ಎಡಬದಿ ಜೆಟ್ಟಿಗೆ ತಾಗಬೇಕು. ಗಾಳಿ ಹೆಚ್ಚಾಗಿ ಜೆಟ್ಟಿ ಕಡೆಯಿಂದ ಬೀಸಿ ಬೋಟನ್ನ ಹೊರಗೆ ತಳ್ಳುತ್ತೆ. ಹತ್ತಿರ ಬಂದು ನಿಲ್ಲಿಸಿದೆ ಅನ್ನೋಷ್ಟರಲ್ಲಿ ಎರಡು ಮೀಟರ್ ದೂರ. ಹಗ್ಗ ಹಿಡಿದವರು ಜಿಗಿಯೋಕೆ ನೋಡ್ತಾರೆ.

ಹಗ್ಗಜಗ್ಗಾಟ:

ಯಾರೂ ಜಿಗಿಯಬಾರದು! ಇದೊಂದು ನಿಯಮವನ್ನ ಹೊರಡೋ ಮೊದಲೇ ಎಲ್ಲರಿಗೂ ಹೇಳಿಡಿ. ಬೋಟಿನಿಂದ ಜೆಟ್ಟಿಗೆ ಹೆಜ್ಜೆ ಇಡೋಷ್ಟು ಹತ್ತಿರ ಬರದಿದ್ದರೆ ಮತ್ತೆ ಸುತ್ತು ಹೊಡೆದು ಬರೋದು ಚುಕ್ಕಾಣಿ ಹಿಡಿದವರ ಕೆಲಸ. ಹಾಗೇ ಕೈಯಿಂದ, ಕಾಲಿನಿಂದ ಬೋಟ್ ತಡೆಯೋಕೂ ಹೋಗಬಾರದು. ಹದಿನೈದು ಟನ್ನಿಗೂ ಕಾಂಕ್ರೀಟಿಗೂ ಮಧ್ಯೆ ಇರಬೇಕಾದ್ದು ಫೆಂಡರ್.

ಈಗ ನಿಮ್ಮ ಪ್ರಶ್ನೆ. ಗಾಳಿ ಇಲ್ಲದಾಗ ಜೆಟ್ಟಿಗೆ 20 ಡಿಗ್ರಿ ಆಸುಪಾಸು ಓರೆಯಾಗಿ ಬಂದು, ಮೂತಿ ಹತ್ತಿರ ಆದ ಕೂಡಲೇ ಹೊರಗಿನ ಎಂಜಿನ್ನಿಗೆ ರಿವರ್ಸ್ ಕೊಟ್ಟರೆ ಸಾಕು. ನಿಮಗೆ ಅದು ಬಲ ಎಂಜಿನ್. ಒಂದೇ ಏಟಿಗೆ ಬೋಟ್ ನಿಲ್ಲುತ್ತೆ, ಹಿಂಬದಿಯೂ ಜೆಟ್ಟಿಗೆ ಬರುತ್ತೆ. ಜೆಟ್ಟಿಯಿಂದ ಗಾಳಿ ಬೀಸ್ತಿದ್ದರೆ ಕೋನ ಇನ್ನಷ್ಟು ದೊಡ್ಡದಿರಲಿ, ಸ್ವಲ್ಪ ಹೆಚ್ಚು ವೇಗವೂ ಬೇಕು. ಅಂಥ ಹೊತ್ತಲ್ಲಿ ತುಂಬಾ ನಿಧಾನ ಬಂದರೆ ಮೂತಿ ಜೆಟ್ಟಿ ಮುಟ್ಟೋ ಮೊದಲೇ ಗಾಳಿಗೆ ಹೊರಗೆ ಸರಿದುಹೋಗುತ್ತೆ.

ಮೊದಲು ಹೋಗಬೇಕಾದ ಹಗ್ಗ ಯಾವುದು? ಹೆಚ್ಚಿನವರು ಮೂತಿ ಹಗ್ಗ ಕೊಡ್ತಾರೆ. ಅದನ್ನ ಜೆಟ್ಟಿ ಮೇಲಿರೋ ಯಾರೋ ಉತ್ಸಾಹದಲ್ಲಿ ಎಳೆದರೆ ಮೂತಿ ಒಳಗೆ, ಹಿಂಬದಿ ಹೊರಗೆ, ಮುಗೀತು ಕಥೆ. ಬೋಟಿನ ನಟ್ಟನಡುವಿನ ಕ್ಲೀಟಿನಿಂದ (ಹಗ್ಗ ಸುತ್ತಿ ಕಟ್ಟೋ ಕೊಂಬು) ಒಂದು ಹಗ್ಗ ಮೊದಲು ಕೊಡಿ. ಅದು ಜೆಟ್ಟಿ ಮೇಲೆ ಹಿಂದಕ್ಕೆ ಓರೆಯಾಗಿ ಹೋಗಿ ಅಲ್ಲಿನ ಕ್ಲೀಟಿಗೆ ಕಟ್ಟಲಿ. ಇದನ್ನೇ ಸ್ಪ್ರಿಂಗ್ ಲೈನ್ ಅನ್ನೋದು. ಈಗ ಒಂದು ಎಂಜಿನ್ ಐಡಲ್‌ನಲ್ಲಿ ಮುಂದಿನ ಗೇರಿಗೆ ಹಾಕಿ ಹಾಗೇ ಬಿಡಿ. ಬೋಟ್ ಮುಂದೆ ಹೋಗೋಕೆ ನೋಡುತ್ತೆ, ಹಗ್ಗ ಬಿಡಲ್ಲ, ಅದರ ಓರೆಯಿಂದಾಗಿ ಬೋಟ್ ಜೆಟ್ಟಿ ಕಡೆಗೆ ಸರಿಯುತ್ತೆ. ಸ್ಟಿಯರಿಂಗನ್ನ ಜೆಟ್ಟಿಯ ವಿರುದ್ಧಕ್ಕೆ, ಅಂದರೆ ನಿಮಗೆ ಬಲಕ್ಕೆ ತಿರುಗಿಸಿ. ಹಿಂಬದಿ ಒಳಗೆ ಬಂದು ಕೂರುತ್ತೆ. ಮೂತಿ ಜೆಟ್ಟಿಗೆ ಜಾಸ್ತಿ ಒತ್ತುತ್ತಿದ್ದರೆ ಜೆಟ್ಟಿ ಕಡೆಯ ಎಂಜಿನ್ನಿಗೆ ಬದಲಾಯಿಸಿ. ಗಾಳಿ ಎಷ್ಟೇ ತಳ್ಳಲಿ, ಎಂಜಿನ್ ಗೇರಲ್ಲಿರೋ ತನಕ ಬೋಟ್ ಅಲ್ಲೇ ಅಂಟಿಕೊಂಡಿರುತ್ತೆ. ಉಳಿದ ಹಗ್ಗಗಳನ್ನ ಆರಾಮಾಗಿ ಕಟ್ಟಿ.

ನೋಡಿ, ಇಲ್ಲಿ ಸ್ಟಿಯರಿಂಗ್ ಮುಟ್ಟಲೇಬೇಕಾಯ್ತು. ತೇಲುಮನೆ ಅವರಿಗೆ ಖುಷಿಯಾಗಿರಬೇಕು.

ತೇಲುಮನೆ:

ಆಗಿದೆ 🙏

ಹಗ್ಗಜಗ್ಗಾಟ:

ಗಾಳಿ ಉಲ್ಟಾ, ಬೋಟನ್ನ ಜೆಟ್ಟಿಗೇ ಒತ್ತಿ ಹಿಡಿದಿದೆ, ಹೊರಡಬೇಕು ಅಂದಾಗ್ಲೂ ಇದೇ ಉಪಾಯ. ಮೂತಿಯಿಂದ ಒಂದು ಹಗ್ಗ ಹಿಂದಕ್ಕೆ ಓರೆಯಾಗಿ ಜೆಟ್ಟಿ ಕ್ಲೀಟಿಗೆ ಸುತ್ತಿ, ಅದರ ತುದಿ ವಾಪಸ್ ಬೋಟಿಗೇ ಬರಲಿ. ಮೂತಿ ಹತ್ತಿರ ದೊಡ್ಡ ಫೆಂಡರ್. ಸ್ಟಿಯರಿಂಗ್ ಜೆಟ್ಟಿ ಕಡೆಗೆ, ಹೊರಗಿನ ಎಂಜಿನ್ ಮುಂದೆ. ಹಿಂಬದಿ ನಿಧಾನಕ್ಕೆ ಗಾಳಿಯನ್ನ ಸೀಳಿಕೊಂಡು ಹೊರಗೆ ಬರುತ್ತೆ. ಸಾಕಷ್ಟು ಕೋನ ಆದ ಮೇಲೆ ಚುಕ್ಕಾಣಿ ನೇರ, ಎರಡೂ ರಿವರ್ಸ್, ಹಗ್ಗದ ಒಂದು ತುದಿ ಬಿಟ್ಟು ಇನ್ನೊಂದನ್ನ ಎಳ್ಕೊಳ್ಳಿ. ಬಿಡೋ ತುದಿಯಲ್ಲಿ ಗಂಟು, ಕುಣಿಕೆ ಏನೂ ಇರಬಾರದು, ಕ್ಲೀಟಿಗೆ ಸಿಕ್ಕಿಕೊಂಡರೆ ಫಜೀತಿ. ಮತ್ತೆ ಹಗ್ಗ ನೀರಲ್ಲಿರುವಾಗ ಆ ಕಡೆಯ ಪ್ರೊಪೆಲ್ಲರ್ ತಿರುಗ್ತಿರಬಾರದು. ಹಿಂಬದಿ ಹಗ್ಗಕ್ಕಂತೂ ಇದು ಖಡಾಖಂಡಿತ.

ನಿಧಾನವೇಪ್ರಧಾನ:

ಹಿಂದಕ್ಕೆ ಹೊರಡುವ ಮಾತು ಬಂದಿದ್ದರಿಂದ ಹೇಳುತ್ತೇನೆ. 1972ರ ಅಂತರರಾಷ್ಟ್ರೀಯ ಘರ್ಷಣೆ ತಡೆ ನಿಯಮಗಳಲ್ಲಿ 34ನೆಯದರ ಪ್ರಕಾರ, ಮೂರು ಚಿಕ್ಕ ಹಾರ್ನ್ ಎಂದರೆ "ನನ್ನ ಎಂಜಿನ್ ರಿವರ್ಸಿನಲ್ಲಿದೆ". ಚಿಕ್ಕ ಹಾರ್ನ್ ಎಂದರೆ ಸುಮಾರು ಒಂದು ಸೆಕೆಂಡ್. ಎರಡು ಸಾಲಿನ ನಡುವಿನಿಂದ ಬೆನ್ನು ಮುಂದಾಗಿ ಬರುವಾಗ ಆಚೆಯಿಂದ ಬರುವವರಿಗೆ ನೀವು ಕಾಣುವುದಿಲ್ಲ, ಇದು ಕೇಳಿಸುತ್ತದೆ. ಪರೀಕ್ಷೆಗೆ ಓದಿ ಮರೆಯುವವರೇ ಹೆಚ್ಚು.

ಅರ್ಧಟಿಕೆಟ್:

ಇಷ್ಟೆಲ್ಲ ಯಾಕೆ? ಜಾಯ್‌ಸ್ಟಿಕ್ ಇರೋ ಬೋಟ್ ತಗೊಂಡರೆ ಆಯ್ತಲ್ಲ. ಎತ್ತ ತಳ್ಳಿದರೆ ಅತ್ತ ಹೋಗುತ್ತೆ.

ಎಂಜಿನ್‌ರೂಮ್:

ಹೋಗುತ್ತೆ, ಅನುಮಾನ ಇಲ್ಲ. ಬೋಟ್ ಎಂಜಿನ್ ಕಂಪನಿ ವೋಲ್ವೊ ಪೆಂಟಾದವರು 2005ರಲ್ಲಿ ತಂದ ಐಪಿಎಸ್ ಅನ್ನೋ ವ್ಯವಸ್ಥೆಯ ಪಾಡ್‌ಗಳಲ್ಲಿ ಬೋಟಿನ ಅಡಿಯಲ್ಲಿರೋ ಘಟಕವೇ ಇಡಿಯಾಗಿ ತಿರುಗುತ್ತೆ, ಚುಕ್ಕಾಣಿ ಅನ್ನೋದೇ ಇಲ್ಲ. ಪ್ರೊಪೆಲ್ಲರ್‌ಗಳು ಮುಂದಕ್ಕೆ ಮುಖ ಮಾಡಿ ಬೋಟನ್ನ ಎಳೀತವೆ. ಎರಡನ್ನೂ ಬೇರೆ ಬೇರೆ ಕೋನಕ್ಕೆ ತಿರುಗಿಸಿ ಅಡ್ಡ ಸರಿಸೋ ಲೆಕ್ಕವನ್ನ ಕಂಪ್ಯೂಟರ್ ಮಾಡುತ್ತೆ. ಆದರೆ ಗಾಳಿ ಮೂತಿಯನ್ನ ತಳ್ಳೋದು ಅಲ್ಲೂ ತಪ್ಪಲ್ಲ. ಹೊರಗಡೆ ಡ್ರೈವ್ (ಬೋಟಿನ ಹಿಂದೆ ಹೊರಗಿದ್ದು ತಾನೇ ತಿರುಗೋ ಪ್ರೊಪೆಲ್ಲರ್ ಘಟಕ) ಇರೋ ಬೋಟು ಮತ್ತೊಂದು ಥರ. ಅಲ್ಲಿ ಎರಡು ಪ್ರೊಪೆಲ್ಲರ್ ಹತ್ತಿರ ಹತ್ತಿರ ಇರೋದರಿಂದ ಒಂದು ಮುಂದೆ ಒಂದು ಹಿಂದೆ ಅನ್ನೋ ಉಪಾಯಕ್ಕೆ ಅಷ್ಟು ಬಲ ಇಲ್ಲ. ಡ್ರೈವ್ ಮುಖ ಮಾಡಿದ ಕಡೆಗೇ ತಳ್ಳೋದರಿಂದ ಸ್ಟಿಯರಿಂಗನ್ನೇ ಹೆಚ್ಚು ನಂಬಬೇಕು, ರಿವರ್ಸಿನಲ್ಲೂ.

ಬೋ ಥ್ರಸ್ಟರ್ (ಮೂತಿಯನ್ನ ಅಡ್ಡ ತಳ್ಳೋ ಪುಟ್ಟ ಪ್ರೊಪೆಲ್ಲರ್) ಬಗ್ಗೆ ಯಾರಾದ್ರೂ ಕೇಳೋ ಮೊದಲೇ: ಗಾಳಿಗೆ ಮೂತಿ ಸರಿಯೋದಕ್ಕೆ ಅದು ಒಳ್ಳೆ ಮದ್ದು. ಬ್ಯಾಟರಿಯಿಂದ ಓಡೋ ಥ್ರಸ್ಟರ್ ಕೆಲವೇ ನಿಮಿಷದಲ್ಲಿ ಕಾಯ್ದು ತಾನಾಗೇ ಆಫ್ ಆಗುತ್ತೆ. ಒತ್ತಿ ಹಿಡಿದುಕೊಂಡೇ ಇದ್ದರೆ ನಿಜವಾಗಿ ಬೇಕಾದಾಗ ಇರಲ್ಲ.

ಕಡಲಕಾಗಿ:

ಥ್ರಸ್ಟರ್ ಇದ್ರೂ ಇಲ್ಲಂತನ ತಿಳ್ಕೊಂಡು ಕಲೀರಿ. ಇದ್ದದ್ದು ಕೆಡತೈತಿ.

ಗಾಳಿಮಾತು:

ಕೆಡೋ ಮಾತು ಬಂತಲ್ಲ, ಒಂದು ಎಂಜಿನ್ ಕೈಕೊಟ್ಟರೆ ಏನು ಮಾಡೋದು ಅಂತಾನೂ ಇಲ್ಲೇ ಹೇಳಿಬಿಡಿ. ಎರಡು ಎಂಜಿನ್ ಇರೋದೇ ಅದಕ್ಕೆ ಅಂತಾರೆ. ಬಯಲಲ್ಲಿ ಮನೆಗೆ ತಲುಪಿಸುತ್ತೆ ಸರಿ, ಜೆಟ್ಟಿ ಹತ್ತಿರ ಅರ್ಧ ಬೋಟು ಆಗಿರ್ತೀವಿ.

ನಿಧಾನವೇಪ್ರಧಾನ:

ಎಡ ಎಂಜಿನ್ ಮಾತ್ರ ಇದೆ ಎಂದುಕೊಳ್ಳಿ. ಮುಂದಿನ ಗೇರಿನಲ್ಲಿ ಬೋಟ್ ಬಲಕ್ಕೆ ಎಳೆಯುತ್ತದೆ, ಅದನ್ನು ತಡೆಯಲು ಚುಕ್ಕಾಣಿ ಎಡಕ್ಕೆ. ಚುಕ್ಕಾಣಿ ಹಿಡಿಯುವಷ್ಟು ವೇಗ ಬೇಕು, ಹಾಗಾಗಿ ತೀರಾ ನಿಧಾನ ಮಾಡುವಂತಿಲ್ಲ. ಎಡಕ್ಕೆ ಚಿಕ್ಕದಾಗಿ ತಿರುಗುವುದು ಕಷ್ಟ, ಬಲಕ್ಕೆ ಸಲೀಸು. ದಾರಿಯನ್ನೂ ಹಾಗೆಯೇ ಆರಿಸಿಕೊಳ್ಳಿ.

ಈಗ ಯಾವ ಬದಿ ಜೆಟ್ಟಿಗೆ? ಕೆಟ್ಟ ಎಂಜಿನ್ನಿನ ಬದಿ, ಅಂದರೆ ಬಲಬದಿ. ಕೆಲಸ ಮಾಡುವ ಎಂಜಿನ್ ಹೊರಗಡೆ ಉಳಿಯುತ್ತದೆ. ಕೊನೆಯಲ್ಲಿ ಅದಕ್ಕೆ ರಿವರ್ಸ್ ಕೊಟ್ಟಾಗ ಬೋಟ್ ನಿಲ್ಲುವುದರ ಜೊತೆಗೆ ಹಿಂಬದಿ ಜೆಟ್ಟಿಗೆ ಬರುತ್ತದೆ. ಹಗ್ಗಜಗ್ಗಾಟ ಅವರು ಹೇಳಿದ ಹೊರಗಿನ ಎಂಜಿನ್ ಸೂತ್ರವೇ ಇದು. ಬದಲಿಗೆ ಎಡಬದಿಯನ್ನು ಆರಿಸಿದರೆ ಅದೇ ರಿವರ್ಸ್ ಮೂತಿಯನ್ನು ಜೆಟ್ಟಿಗೆ ಗುದ್ದಿಸಿ ಹಿಂಬದಿಯನ್ನು ಹೊರಗೆ ಒಯ್ಯುತ್ತದೆ. ಸಾಧ್ಯವಿದ್ದರೆ ನಿಮ್ಮ ಇಕ್ಕಟ್ಟಿನ ಜಾಗವನ್ನು ಬಿಟ್ಟು, ಖಾಲಿ ಉದ್ದ ಜೆಟ್ಟಿಯ ತುದಿಗೆ ಕಟ್ಟಿ. ಎರಡೂ ಎಂಜಿನ್ ಸರಿಯಿರುವಾಗಲೇ ಒಂದನ್ನು ನ್ಯೂಟ್ರಲಿನಲ್ಲಿಟ್ಟು ಇದನ್ನು ಅಭ್ಯಾಸ ಮಾಡಬಹುದು, ಏನಾದರೂ ಆದರೆ ಅದನ್ನೂ ಗೇರಿಗೆ ಹಾಕಿದರಾಯಿತು.

ಉಪ್ಪುನೀರು:

ಒಂದು ಸಣ್ಣ ಪ್ರಶ್ನೆ. ಬೆನ್ನು ಮುಂದಾಗಿ ಒಳಗೆ ತರುವಾಗ ನನಗೆ ಎಡ ಬಲ ಅದಲು ಬದಲಾಗಿ ತಲೆ ಕೆಡುತ್ತೆ. ಕತ್ತು ತಿರುಗಿಸಿ ನೋಡ್ತಾ ಲಿವರ್ ಹಿಡಿದರೆ ಯಾವುದು ಯಾವ ಎಂಜಿನ್ ಅಂತ ಗೊಂದಲ. ಉಪಾಯ ಉಂಟಾ?

ತೇಲುಮನೆ:

ಕತ್ತು ತಿರುಗಿಸಬೇಡಿ ಮೇಡಂ, ಪೂರ್ತಿ ತಿರುಗಿ ನಿಲ್ಲಿ. ಬೆನ್ನು ಕನ್ಸೋಲಿಗೆ, ಮುಖ ಹಿಂಬದಿಗೆ, ಕೈ ಎರಡೂ ಹಿಂದೆ ಲಿವರ್ ಮೇಲೆ. ಈಗ ಎಡ ಬಲ ಅನ್ನೋ ಪದವನ್ನೇ ಮರೆತುಬಿಡಿ. ನಿಮ್ಮ ಎಡಗೈಯಲ್ಲಿರೋ ಲಿವರನ್ನ ನೀವು ನೋಡ್ತಿರೋ ಕಡೆಗೆ ತಂದರೆ ಹಿಂಬದಿ ನಿಮ್ಮ ಬಲಗೈ ಕಡೆ ಹೋಗುತ್ತೆ. ಬಲಗೈಯದ್ದು ತಂದರೆ ಎಡಗೈ ಕಡೆ. ಮುಂದೆ ಓಡಿಸುವಾಗ ಇರೋ ಲೆಕ್ಕವೇ, ಈಗ ಹಿಂಬದಿಯೇ ನಿಮ್ಮ ಮೂತಿ ಅಂದ್ಕೊಳ್ಳಿ. ಲಿವರ್‌ಗಳು ಮಧ್ಯದಲ್ಲಿರೋ ಕನ್ಸೋಲ್‌ನಲ್ಲಿ ಇದು ಸುಲಭ, ಒಂದು ಪಕ್ಕಕ್ಕೆ ಇದ್ದರೆ ಸ್ವಲ್ಪ ಸೊಂಟ ನೋವು.

ಉಪ್ಪುನೀರು:

ಓ, ಇದು ಸರಿ. ಕೂತಲ್ಲೇ ಕೈ ಆಡಿಸಿ ನೋಡಿದೆ, ಅರ್ಥ ಆಯ್ತು.

ಹೊಸಚುಕ್ಕಾಣಿ:

ಮತ್ತೆ ಬಂದೆ. ತೇಲುಮನೆ ಅವರು ಹೇಳಿದ ಹಾಗೆ ಬಯಲಲ್ಲಿ ತೇಲುಬುರುಡೆ ಪಕ್ಕ ಎರಡೂ ರೀತಿ ಸುತ್ತಿ ನೋಡಿದ್ವಿ. ನಮ್ಮ ಬೋಟಲ್ಲಿ ಚುಕ್ಕಾಣಿ ಸೇರಿಸಿದರೂ ಹೇಳಿಕೊಳ್ಳೋ ವ್ಯತ್ಯಾಸ ಇಲ್ಲ, ಅಡ್ಡ ಸರಿಯೋದಂತೂ ಇಲ್ಲವೇ ಇಲ್ಲ. ಜೆಟ್ಟಿಯಲ್ಲಿ ನಡುವಿನ ಸ್ಪ್ರಿ‌ಂಗ್ ಹಗ್ಗ ಮೊದಲು ಕೊಟ್ಟು, ಸ್ಟಿಯರಿಂಗ್ ಬಲಕ್ಕೆ ತಿರುಗಿಸಿದಾಗ ಮಾತ್ರ ಹಿಂಬದಿ ಬಂದು ಕೂತಿತು. ಕಲಿಸುವವರು ಅದಕ್ಕೆ ಆಕ್ಷೇಪ ಮಾಡಲಿಲ್ಲ. ಹಗ್ಗ ಕಟ್ಟಿದ ಮೇಲೆ ಸ್ಟಿಯರಿಂಗ್ ಮುಟ್ಟಿದ್ದು ಅವರ ಲೆಕ್ಕಕ್ಕಿಲ್ಲವಂತೆ.

ಈಗ ಹೊಸ ಅನುಮಾನ. ಎಡಕ್ಕೆ ಸುತ್ತೋದು ಚೆನ್ನಾಗಿ ಆಗುತ್ತೆ, ಬಲಕ್ಕೆ ಸುತ್ತುವಾಗ ಪ್ರತಿ ಸಲ ಮುಂದಕ್ಕೆ ಜಾರುತ್ತೆ. ಗಾಳಿ ಇಲ್ಲದಾಗಲೂ ಹೀಗೇ. ಐಡಲ್‌ನಲ್ಲಿ ಮೀಟರ್ ಎಡದ್ದು 650, ಬಲದ್ದು 600 ತೋರಿಸುತ್ತೆ. ಇದೇ ಕಾರಣವಾ?

ಎಂಜಿನ್‌ರೂಮ್:

ಕಾರಣ ಆಗಿರಬಹುದು. ಬಲಕ್ಕೆ ಸುತ್ತುವಾಗ ಎಡದ್ದು ಮುಂದೆ, ಬಲದ್ದು ರಿವರ್ಸ್. ಮೊದಲೇ ರಿವರ್ಸಿಗೆ ಬಲ ಕಡಿಮೆ, ಅದರ ಜೊತೆ ಐಡಲ್ಲೂ ಕಡಿಮೆ ಅಂದರೆ ಮುಂದಿನದ್ದು ಸಲೀಸಾಗಿ ಗೆಲ್ಲುತ್ತೆ. ಎಡಕ್ಕೆ ಸುತ್ತುವಾಗ ಅದೇ ವ್ಯತ್ಯಾಸ ನಿಮ್ಮ ಪರವಾಗಿ ಕೆಲಸ ಮಾಡ್ತಿದೆ.

ಆದರೆ ಮೀಟರನ್ನ ತಕ್ಷಣ ನಂಬಬೇಡಿ. ಮೆಕ್ಯಾನಿಕ್ ಹತ್ತಿರ ಬೆಳಕಿನಿಂದ ಅಳೆಯೋ ಟ್ಯಾಕೋಮೀಟರ್ ಇರುತ್ತೆ. ಎರಡೂ ಎಂಜಿನ್ನಿನ ಪುಲ್ಲಿಗೆ ಅದನ್ನ ಹಿಡಿದು ನಿಜವಾದ ಆರ್‌ಪಿಎಂ ನೋಡಲಿ, ಆಮೇಲೆ ಐಡಲ್ ಸರಿಹೊಂದಿಸಲಿ. ಲಿವರಿಗೆ ಕೇಬಲ್ ಇರೋ ಬೋಟಾದರೆ ಇನ್ನೊಂದು ಪರೀಕ್ಷೆ ಬಾಕಿ ಇದೆ. ಎಂಜಿನ್ ಆಫ್ ಮಾಡಿ, ಒಬ್ಬರು ಮೇಲೆ ಬಲ ಲಿವರನ್ನ ರಿವರ್ಸಿಗೆ ಹಾಕಲಿ, ಇನ್ನೊಬ್ಬರು ಕೆಳಗೆ ಗೇರ್‌ಬಾಕ್ಸಿನ ತೋಳು ಕೊನೆತನಕ ಹೋಗ್ತಿದೆಯಾ ನೋಡಲಿ. ಕೇಬಲ್ ಸಡಿಲ ಆಗಿ ತೋಳು ಅರ್ಧಕ್ಕೆ ನಿಂತಿದ್ದರೆ ಕ್ಲಚ್ ಜಾರುತ್ತೆ, ರಿವರ್ಸ್ ಇನ್ನೂ ಸೊರಗುತ್ತೆ. ಅದು ಸರಿಯಾಗೋ ತನಕ ಜಾಗ ಇದ್ದರೆ ಎಡಕ್ಕೇ ಸುತ್ತಿ ಬನ್ನಿ.